ಈಚಲ ಮರದ ಕೆಳಗಿನ ಮಜ್ಜಿಗೆ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಅದನ್ನು ಹೆಂಡವೆಂದೇ ಹೇಳುತ್ತಾರೆ ಎಂಬ ಗಾದೆ ನಿಮಗೆಲ್ಲ ಗೊತ್ತು. ರಾಯದುರ್ಗ, ಮಡಕಶಿರಗಳ ಕಡೆಯವರಿಗೆ ಈ ಗಾದೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಡಿಯುವವನಿಗೆ ಬುದ್ಧಿ ಹೇಳುವುದಕ್ಕೆ ನಾವು ಇದನ್ನು ಬಳಸುತ್ತೇವೆ. ಅಲ್ಲಿ ಕೂರಬೇಡವಪ್ಪ, ಹೆಸರು ಕೆಡುತ್ತದೆ ಎನ್ನುತ್ತೇವೆ. ಆದರೆ ಆ ಮಾತು ಆಡುವ ಜನರ ಬಗ್ಗೆ ಯೋಚಿಸುವುದು ಕಡಿಮೆ. ಅವನ ತಂಬಿಗೆಯಲ್ಲಿ ಇದ್ದದ್ದು ಮಜ್ಜಿಗೆಯೋ ಹೆಂಡವೋ ಎಂದು ಅವರು ಬಗ್ಗಿ ನೋಡಿದರೇ? ಮತ್ತೊಂದು ಪ್ರಶ್ನೆಯೂ ಇದೆ. ಮರದ ಕೆಳಗೆ ಹೋಗಿ ಕುಳಿತವನೇನೋ ಎದ್ದು ಬರಬಹುದು. ಆ ಮರದ ಕೆಳಗೇ ಹುಟ್ಟಿದವನು ಎಲ್ಲಿಗೆ ಹೋಗಬೇಕು?

ಇದು ಬರೀ ಗಾದೆಯ ಮಾತಲ್ಲ. ಕ್ರಿಮಿನಲ್ ಮೊಕದ್ದಮೆಗಳಲ್ಲಿ ನ್ಯಾಯಾಧೀಶರ ಮುಂದೆ ದಿನವೂ ಬರುವ ಪ್ರಶ್ನೆ. ಕಟಕಟೆಯಲ್ಲಿ ನಿಂತವನ ಕೆಟ್ಟ ಹೆಸರನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಬಳಸಬಹುದೇ, ಕೂಡದೇ ಎಂಬ ಈ ಪ್ರಶ್ನೆಗೆ ಒಂದು ಇತಿಹಾಸವಿದೆ. ಆ ಇತಿಹಾಸ ನಮ್ಮ ಗಡಿನಾಡಿನ ಹಟ್ಟಿಗಳ ಮೂಲಕವೂ ಹಾದುಹೋಗಿದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ರೊಳ್ಳದ ಹತ್ತಿರ ಒಂದು ತೋಟ. ಬೆಳಗಾಗುವಷ್ಟರಲ್ಲಿ ಬಾವಿಯ ಮೋಟಾರು ಮಾಯವಾಗಿದೆ. ಯಾರೂ ಕಂಡಿಲ್ಲ. ಐದು ವರ್ಷದ ಹಿಂದೆ ಕುರಿ ಕದ್ದು ಜೈಲಿಗೆ ಹೋಗಿ ಬಂದವನೊಬ್ಬ ಪಕ್ಕದ ಊರಿನಲ್ಲಿದ್ದಾನೆ. ಅವನನ್ನು ಹಿಡಿದು ತರುತ್ತಾರೆ. ಮೋಟಾರು ಅವನ ಬಳಿ ಸಿಕ್ಕಿಲ್ಲ. ಸಾಕ್ಷಿಯಾಗಿ ಬಂದ ನಾಲ್ವರು ಒಂದೇ ಮಾತು ಹೇಳುತ್ತಾರೆ: “ಸ್ವಾಮಿ, ಇವನ ನಡತೆ ಮೊದಲಿನಿಂದಲೂ ಸರಿಯಿಲ್ಲ.” ಇಷ್ಟರಿಂದ ಮೋಟಾರು ಕದ್ದವನು ಅವನೇ ಎಂದು ಸಿದ್ಧವಾಗುತ್ತದೆಯೇ?

ಕಾನೂನು ಇಲ್ಲವೆನ್ನುತ್ತದೆ. ಅದಕ್ಕೆ ಮೂರು ಕಾರಣಗಳುಂಟು. ಮೊದಲನೆಯದು, ಅಂದು ಕುರಿ ಕದ್ದದ್ದು ಇಂದು ಮೋಟಾರು ಕದ್ದದ್ದಕ್ಕೆ ರುಜುವಾತಲ್ಲ. ಎರಡನೆಯದು, ಒಮ್ಮೆ ಕಳ್ಳನೆಂದು ಕಿವಿಗೆ ಬಿದ್ದ ಮೇಲೆ ಕೇಳುವವರ ಮನಸ್ಸು ವಾಲುತ್ತದೆ. ಸಾಕ್ಷ್ಯದಲ್ಲಿ ತೂತಿದ್ದರೆ ಆ ತೂತನ್ನು ಕೆಟ್ಟ ಹೆಸರು ತುಂಬುತ್ತದೆ. ಮೂರನೆಯದು, ಮನುಷ್ಯ ಒಂದು ರಾತ್ರಿಯ ಕೃತ್ಯಕ್ಕೆ ಉತ್ತರ ಹೇಳಬಲ್ಲ, ಹುಟ್ಟಿದಂದಿನಿಂದ ಬಂದ ಎಲ್ಲ ಚಾಡಿಗೂ ಉತ್ತರ ಹೇಳಲಾರ. ಇವೆಲ್ಲದರ ಜೊತೆಗೆ ಇನ್ನೊಂದು ನಷ್ಟವೂ ಇದೆ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿ ಹೋದ ಕಥೆಯಂತೆ, ನಿಜವಾದ ಕಳ್ಳ ಮೋಟಾರು ಮಾರಿಕೊಂಡು ಆರಾಮವಾಗಿ ಇರುತ್ತಾನೆ.

ಈ ಎಚ್ಚರವನ್ನು ಇಂಗ್ಲಿಷರೇ ನಮಗೆ ಮೊದಲು ಕಲಿಸಿದರೆಂದು ತಿಳಿಯಬೇಕಾಗಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಕಳ್ಳನನ್ನು ಹಿಡಿಯುವ ಕುರುಹುಗಳನ್ನು ಆ ಸ್ಮೃತಿ ಹೇಳುತ್ತದೆ. ಕದ್ದ ಮಾಲು, ಹೆಜ್ಜೆಯ ಗುರುತು, ಹಿಂದೆ ತಪ್ಪು ಮಾಡಿದ್ದು, ನೆಲೆಯ ಬಗ್ಗೆ ಅನುಮಾನ ಇವು ಅವುಗಳಲ್ಲಿ ಸೇರಿವೆ. ವಿಜ್ಞಾನೇಶ್ವರ ಅಲ್ಲಿ ಒಂದು ಎಚ್ಚರಿಕೆ ಸೇರಿಸುತ್ತಾನೆ. ಇಂಥ ಕುರುಹು ಕಂಡು ಮನುಷ್ಯನನ್ನು ಹಿಡಿದ ಮೇಲೆ ಚೆನ್ನಾಗಿ ಪರೀಕ್ಷಿಸಬೇಕು. ಕುರುಹು ಕಂಡಷ್ಟಕ್ಕೇ ಕಳ್ಳನೆಂದು ತೀರ್ಮಾನಿಸಕೂಡದು. ಕಳ್ಳನಲ್ಲದವನ ಬಳಿಯೂ ಕದ್ದ ಮಾಲು ಸಿಕ್ಕುವ ಸಂಭವವುಂಟು ಎಂಬುದು ಅವನ ವಾದ. ಹಿಡಿಯುವುದು ಬೇರೆ, ತೀರ್ಪು ಕೊಡುವುದು ಬೇರೆ ಎಂದು ಕನ್ನಡ ನಾಡಿನ ಒಬ್ಬ ಪಂಡಿತ ಒಂಬೈನೂರು ವರ್ಷಗಳ ಹಿಂದೆಯೇ ಗೆರೆ ಎಳೆದಿದ್ದ. ಆ ಸ್ಮೃತಿಗಳು ಜಾತಿ ನೋಡಿ ದಂಡ ಹೇಳುತ್ತಿದ್ದವು ಎಂಬುದನ್ನೂ ಮರೆಯುವಂತಿಲ್ಲ. ಆದರೂ ಈ ಗೆರೆ ಮಟ್ಟಿಗೆ ಅವನ ಮಾತು ಇಂದಿಗೂ ನಿಲ್ಲುತ್ತದೆ.

ಮಾಂಡವ್ಯ ಋಷಿಯ ಕಥೆ ನಿಮಗೆ ನೆನಪಿರಬಹುದು. ಕಳ್ಳರು ಕದ್ದ ಮಾಲನ್ನು ಅವನ ಆಶ್ರಮದಲ್ಲಿ ಬಚ್ಚಿಟ್ಟರು. ಮೌನವ್ರತದಲ್ಲಿದ್ದ ಋಷಿ ರಾಜಭಟರಿಗೆ ಉತ್ತರ ಕೊಡಲಿಲ್ಲ. ಅವನನ್ನೂ ಶೂಲಕ್ಕೆ ಏರಿಸಿದರು. ಆಮೇಲೆ ರಾಜ ತಪ್ಪೊಪ್ಪಿಕೊಂಡು ಕೆಳಗಿಳಿಸಿದ. ಆದರೆ ಶೂಲದ ತುದಿ, ಅಂದರೆ ಅಣಿ, ಮೈಯೊಳಗೇ ಉಳಿಯಿತು. ಅವನು ಅಣಿಮಾಂಡವ್ಯನಾದ. ವಿಚಾರಣೆಯ ದೋಷದಿಂದ ಕಳ್ಳನಲ್ಲದವನೂ ಕಳ್ಳನಾದ ಎಂದು ನಾರದ ಸ್ಮೃತಿಯೂ ಇವನನ್ನೇ ನೆನೆಯುತ್ತದೆ. ಈ ಅಣಿಯ ಮಾತನ್ನು ಮನಸ್ಸಿನಲ್ಲಿಡಿ. ಮತ್ತೆ ಅದಕ್ಕೆ ಬರೋಣ.

ಈಗ ಇಂಗ್ಲಿಷರ ಕಾಲಕ್ಕೆ ಬರೋಣ. 1869ರಿಂದ 1872ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾನೂನು ಸದಸ್ಯರಾಗಿದ್ದವರು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. ಭಾರತದ ಸಾಕ್ಷ್ಯ ಅಧಿನಿಯಮವನ್ನು ರಚಿಸಿದವರು ಅವರೇ. 1872ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಆ ಕಾಯಿದೆಯ 54ನೆಯ ಕಲಮು ಆರೋಪಿಯ ಕೆಟ್ಟ ನಡತೆ ಅಪ್ರಸ್ತುತ ಎಂದು ಸಾರಿತು. ಆರೋಪಿಯೇ ತಾನು ಒಳ್ಳೆಯ ನಡತೆಯವನೆಂದು ಸಾಕ್ಷ್ಯ ಕೊಟ್ಟರೆ ಮಾತ್ರ, ಅದಕ್ಕೆ ಉತ್ತರವಾಗಿ ಎದುರು ಪಕ್ಷ ಕೆಟ್ಟ ನಡತೆಯ ಮಾತೆತ್ತಬಹುದು. ಬಾಗಿಲು ತೆಗೆಯುವುದು ಬಿಡುವುದು ಆರೋಪಿಯ ಕೈಯಲ್ಲಿ. ಆದರೆ ಮೊದಲ ಕಾಯಿದೆಯಲ್ಲಿ ಒಂದು ದೊಡ್ಡ ಬಿರುಕಿತ್ತು. ಹಿಂದೆ ಶಿಕ್ಷೆಯಾಗಿದ್ದರೆ ಆ ಸಂಗತಿಯನ್ನು ಹೇಳಬಹುದಾಗಿತ್ತು. 1891ರ ತಿದ್ದುಪಡಿ ಆ ಬಿರುಕನ್ನು ಮುಚ್ಚಿತು. ಅಂದಿನಿಂದ ಹಳೆಯ ಶಿಕ್ಷೆಯ ಮಾತು ಸಾಮಾನ್ಯವಾಗಿ ಬರುವುದು ಅಪರಾಧ ಸಾಬೀತಾದ ಮೇಲೆ, ಶಿಕ್ಷೆ ಎಷ್ಟೆಂದು ಯೋಚಿಸುವಾಗ. ಹಳೆಯ ಕೃತ್ಯ ಈಗಿನ ಆರೋಪಕ್ಕೆ ನೇರವಾಗಿ ಗಂಟುಬಿದ್ದಿದ್ದರೆ ಮಾತು ಬೇರೆ. ಕದ್ದ ಮಾಲೆಂದು ತಿಳಿಯದೆ ಕೊಂಡೆ ಎನ್ನುವವನ ಮನೆಯಲ್ಲಿ ಇನ್ನೂ ಹತ್ತು ಕದ್ದ ಮಾಲು ಸಿಕ್ಕರೆ, ಅವನಿಗೆ ಗೊತ್ತಿತ್ತೇ ಎಂದು ತಿಳಿಯಲು ಅದನ್ನು ನೋಡಬಹುದು. ಅಲ್ಲಿ ನೋಡುವುದು ಅವನ ಹೆಸರನ್ನಲ್ಲ, ಅವನ ಅರಿವನ್ನು.

ಇದು ಮುಂಬಾಗಿಲು. ಒಳ್ಳೆಯ ಗಟ್ಟಿಮುಟ್ಟಾದ ಬಾಗಿಲು. ಆದರೆ ಅದೇ ಸ್ಟೀಫನ್ ಕಾನೂನು ಸದಸ್ಯರಾಗಿದ್ದಾಗಲೇ, ಸಾಕ್ಷ್ಯ ಅಧಿನಿಯಮಕ್ಕಿಂತ ಐದು ತಿಂಗಳು ಮೊದಲು, 1871ರ ಅಕ್ಟೋಬರ್ 12ರಂದು, ಇನ್ನೊಂದು ಕಾಯಿದೆಗೆ ಒಪ್ಪಿಗೆ ಬಿದ್ದಿತ್ತು. ಅದು ಕ್ರಿಮಿನಲ್ ಟ್ರೈಬ್ಸ್ ಆಕ್ಟ್, ಅಪರಾಧಿ ಬುಡಕಟ್ಟುಗಳ ಕಾಯಿದೆ. ಈ ದೇಶದಲ್ಲಿ ಬಡಗಿಯ ಮಗ ಬಡಗಿ, ನೇಯುವವನ ಮಗ ನೇಕಾರ. ಹಾಗೆಯೇ ಕಳ್ಳತನವೂ ಕುಲಕಸುಬು ಎಂಬುದು ಅದರ ಹಿಂದಿನ ವಾದ. ಒಬ್ಬನ ಕೆಟ್ಟ ನಡತೆ ಅಪ್ರಸ್ತುತ ಎಂದ ಕೈಯೇ ಇಡೀ ಕುಲದ ಕೆಟ್ಟ ಹೆಸರನ್ನು ಕಾನೂನು ಮಾಡಿತು. ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲ ಬಾಗಿಲನ್ನು ಹಾರುಹೊಡೆದ ಹಾಗಾಯಿತು.

ಮೊದಲು ಈ ಕಾಯಿದೆ ಉತ್ತರ ಭಾರತಕ್ಕೆ ಮಾತ್ರ ಇತ್ತು. 1911ರಲ್ಲಿ ಅದನ್ನು ಹೊಸದಾಗಿ ಮಾಡಿ ಮದ್ರಾಸ್ ಪ್ರಾಂತಕ್ಕೂ ತಂದರು. 1924ರಲ್ಲಿ ಮತ್ತೆ ಕ್ರೋಡೀಕರಿಸಿದರು. ಅಂದು ಮಡಕಶಿರ ಅನಂತಪುರ ಜಿಲ್ಲೆಯಲ್ಲಿತ್ತು, ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ಎರಡೂ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು.

ಆ ಕಾಯಿದೆಯ ಪೆಟ್ಟು ತಿಂದವರಲ್ಲಿ ಕೊರಚರೂ ಕೊರಮರೂ ಇದ್ದರು. ತೆಲುಗರು ಎರುಕಲ ಎನ್ನುತ್ತಾರೆ, ತಮಿಳರು ಕೊರವ ಎನ್ನುತ್ತಾರೆ. ನಮ್ಮ ಅಜ್ಜಿಯರು ಮನೆ ಬಾಗಿಲಲ್ಲಿ ಕೂರಿಸಿ ಕಣಿ ಕೇಳುತ್ತಿದ್ದ ಕೊರವಂಜಿ ಇವರ ಹೆಣ್ಣುಮಗಳೇ. ಬುಟ್ಟಿ, ಮೊರ, ತಟ್ಟಿ ಹೆಣೆಯುವುದು ಇವರ ಕೆಲಸ. ಅದಕ್ಕಿಂತ ದೊಡ್ಡ ಕಸುಬೊಂದಿತ್ತು. ಎತ್ತು, ಕತ್ತೆಗಳ ಮೇಲೆ ಹೇರು ಹಾಕಿ ಕರಾವಳಿಯ ಉಪ್ಪನ್ನು ಒಳನಾಡಿಗೆ ತರುವುದು, ಇಲ್ಲಿಂದ ದವಸ ಕೊಂಡೊಯ್ಯುವುದು. ಇವರಲ್ಲಿ ಒಂದು ಪಂಗಡದ ಹೆಸರಿನಲ್ಲೇ ಉಪ್ಪು ಇದೆ.

ಆ ಕಸುಬು ಹೇಗೆ ಹೋಯಿತು ನೋಡಿ. ಗುಂತಕಲ್ಲು ಮಾರ್ಗವಾಗಿ ಹೋಗುವ ಮದ್ರಾಸ್ ರೈಲು 1871ರಲ್ಲಿ ರಾಯಚೂರಿನಲ್ಲಿ ಮುಂಬಯಿಯ ರೈಲನ್ನು ಕೂಡಿತು. ಉಪ್ಪು ರೈಲು ಹತ್ತಿತು. ಉಪ್ಪಿನ ತಯಾರಿಕೆಯ ಮೇಲೂ ಮಾರಾಟದ ಮೇಲೂ ಸರ್ಕಾರದ ಹಿಡಿತ ಬಿಗಿಯಾಯಿತು. 1876ರಿಂದ 1878ರ ಮಹಾಕ್ಷಾಮ ಬಳ್ಳಾರಿ ಸೀಮೆಯನ್ನು ಒಣಗಿಸಿಬಿಟ್ಟಿತು. ಅನಂತಪುರ ಅಂದು ಬಳ್ಳಾರಿಯ ಭಾಗವೇ, ಪ್ರತ್ಯೇಕ ಜಿಲ್ಲೆಯಾದದ್ದು 1882ರಲ್ಲಿ. ಎತ್ತು ಸತ್ತವು, ದಾರಿ ಮುಚ್ಚಿತು. ಊರೂರು ತಿರುಗುವ ಜನ ಮಾತ್ರ ಉಳಿದರು. ನಿನ್ನೆಯವರೆಗೆ ಉಪ್ಪು ತರುವವನೆಂದು ಕಾದು ನಿಂತ ಊರೇ ಇಂದು ಇವನು ಯಾಕೆ ತಿರುಗುತ್ತಾನೆ ಎಂದು ಕೇಳಿತು. ಅವರಲ್ಲಿ ಕಳ್ಳತನ ಮಾಡಿದವರೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಕದ್ದವನು ಯಾವ ಜಾತಿಯವನಾದರೂ ಕಳ್ಳನೇ. ಕದಿಯದವನೂ ಕಳ್ಳನಾದದ್ದು ಹೇಗೆಂಬುದು ನಮ್ಮ ಪ್ರಶ್ನೆ.

ಅದು ಹೀಗೆ. ಸರ್ಕಾರ ಒಂದು ಜನವನ್ನು ಅಪರಾಧಿ ಬುಡಕಟ್ಟೆಂದು ಪ್ರಕಟಿಸಿದರೆ ಆ ಪ್ರಕಟಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಜಿಲ್ಲಾಧಿಕಾರಿ ಹೆಸರುಗಳ ರಿಜಿಸ್ಟರು ಮಾಡಿಸುತ್ತಿದ್ದರು. ಬೆರಳಚ್ಚು ಕೊಡಬೇಕು. ಗೊತ್ತುಮಾಡಿದ ಹೊತ್ತಿಗೆ ಹೋಗಿ ಹಾಜರಿ ಹಾಕಬೇಕು. ಒಂದು ಎಲ್ಲೆಯೊಳಗೇ ಇರಬೇಕೆಂದು ಆಜ್ಞೆಯಾದರೆ, ಹೊರಗೆ ಹೋಗಲು ಪಾಸು ಬೇಕು. ನಮ್ಮ ಸೀಮೆಯಲ್ಲಿ ಇದರ ಕಷ್ಟ ಹೇಳಿ ಮುಗಿಯದು. ಮಡಕಶಿರದ ಮೂರು ದಿಕ್ಕಿಗೂ ಮೈಸೂರು ಸಂಸ್ಥಾನ. ಅತ್ತ ಶಿರಾ, ಮಧುಗಿರಿ. ಇತ್ತ ಅನಂತಪುರದ ಹೊಟ್ಟೆಯೊಳಗೆ ಮೈಸೂರಿನ ಪಾವಗಡ. ಬೀಗರ ಮನೆ ಒಂದು ಸರ್ಕಾರದಲ್ಲಿ, ಸಂತೆ ಇನ್ನೊಂದು ಸರ್ಕಾರದಲ್ಲಿ. ಬುಟ್ಟಿ ಹೊತ್ತು ಎರಡು ಹರಿದಾರಿ ನಡೆದರೆ ಗಡಿ ದಾಟಿದಂತೆಯೇ. ಬೇರೆಯವರಿಗೆ ಅದು ಸಂತೆಯ ದಾರಿ. ರಿಜಿಸ್ಟರಿನಲ್ಲಿ ಹೆಸರಿದ್ದವನು ಪಾಸಿಲ್ಲದೆ ಅದೇ ದಾರಿ ಹಿಡಿದರೆ ಅಪರಾಧ.

ಇನ್ನು ವಿಚಾರಣೆಯ ಮಾತು. ರಿಜಿಸ್ಟರಿನಲ್ಲಿ ಹೆಸರಿದ್ದವನು ಕಳವಿಗೆ ಹೊಂಚು ಹಾಕುತ್ತಿದ್ದನೆಂದು ನ್ಯಾಯಾಲಯಕ್ಕೆ ತೋರುವಂಥ ಸನ್ನಿವೇಶದಲ್ಲಿ ಸಿಕ್ಕಿದರೆ ಸಾಕು, ಮೂರು ವರ್ಷದವರೆಗೆ ಜೈಲು. ಕದ್ದಿರಬೇಕಾಗಿಲ್ಲ. ಕೆಲವು ಅಪರಾಧಗಳಲ್ಲಿ ಎರಡನೆಯ ಬಾರಿ ಶಿಕ್ಷೆಯಾದರೆ, ವಿಶೇಷ ಕಾರಣವಿಲ್ಲದಿದ್ದರೆ, ಏಳು ವರ್ಷಕ್ಕೆ ಕಡಿಮೆ ಇಲ್ಲ. ಮೂರನೆಯ ಬಾರಿಗೆ ಜೀವಾವಧಿ ಗಡೀಪಾರು. ಅದೇ ಕಳವು ಮಾಡಿದ ಬೇರೆ ಜಾತಿಯವನಿಗೆ ಈ ಲೆಕ್ಕವಿಲ್ಲ. ಸಾಕ್ಷ್ಯ ಅಧಿನಿಯಮದ 54ನೆಯ ಕಲಮು ಪುಸ್ತಕದಲ್ಲಿ ಹಾಗೆಯೇ ಇತ್ತು. ಆದರೆ ಇವರ ವಿಷಯದಲ್ಲಿ ಕೆಟ್ಟ ಹೆಸರು ಸಾಕ್ಷ್ಯವಾಗಿ ಬರಬೇಕಾದ ಅಗತ್ಯವೇ ಇರಲಿಲ್ಲ. ಅವರು ಹೆಸರು ಹೇಳುತ್ತಿದ್ದಂತೆಯೇ ಅದು ಒಳಗೆ ಬಂದಾಗಿರುತ್ತಿತ್ತು.

ಇನ್ನೊಂದು ಹಿತ್ತಿಲ ಬಾಗಿಲು ಎಲ್ಲರಿಗೂ ತೆರೆದಿತ್ತು. ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 110ನೆಯ ಕಲಮಿನ ಪ್ರಕಾರ ರೂಢಿಗತ ಅಪರಾಧಿ ಎನಿಸಿಕೊಂಡವನಿಂದ ಒಳ್ಳೆಯ ನಡತೆಗೆ ಜಾಮೀನು ಕೇಳಬಹುದು. ಕೊಡಲಾಗದಿದ್ದರೆ ಜೈಲು. ಅವನು ಅಂಥವನೆಂದು ತೋರಿಸಲು ಊರಿನವರ ಸಾಮಾನ್ಯ ಅಭಿಪ್ರಾಯವೇ ಸಾಕ್ಷ್ಯವಾಗಬಹುದು ಎಂದು ಕಾನೂನೇ ಹೇಳುತ್ತದೆ. ಮೊಕದ್ದಮೆಯಲ್ಲಿ ಬಾಯಿ ಮುಚ್ಚಿಸಿದ ಊರ ಮಾತಿಗೆ ಇಲ್ಲಿ ಮಣೆ ಹಾಕಿದ್ದಾರೆ. ಉಳ್ಳವನಿಗೆ ಜಾಮೀನು ನಿಲ್ಲಲು ಹತ್ತು ಜನ. ತಿರುಗುವ ಬಡವನಿಗೆ ಯಾರು ನಿಲ್ಲಬೇಕು?

ಮೂರನೆಯ ಬಾಗಿಲು ಹೆಣ್ಣುಮಕ್ಕಳ ವಿರುದ್ಧ ತೆರೆದಿತ್ತು. ಅತ್ಯಾಚಾರದ ಮೊಕದ್ದಮೆಯಲ್ಲಿ ಆರೋಪಿಯ ನಡತೆ ಅಪ್ರಸ್ತುತ. ಆದರೆ ದೂರು ಕೊಟ್ಟ ಹೆಣ್ಣಿನ ನಡತೆ ಕೆಟ್ಟದ್ದೆಂದು ತೋರಿಸಿ ಅವಳ ಮಾತನ್ನು ಅಲ್ಲಗಳೆಯಲು 155ನೆಯ ಕಲಮು ಅವಕಾಶ ಕೊಟ್ಟಿತ್ತು. ಸಂಸತ್ತು 2002ರ ತಿದ್ದುಪಡಿಯಲ್ಲಿ ಆ ಅವಕಾಶವನ್ನು ತೆಗೆದುಹಾಕಿತು. ನೂರಮೂವತ್ತು ವರ್ಷ ಬೇಕಾಯಿತು.

ಸ್ವಾತಂತ್ರ್ಯ ಬಂದಾಗ ಮದ್ರಾಸ್ ಪ್ರಾಂತ ಈ ಕಾಯಿದೆಯನ್ನು ಬೇಗನೆ, 1947ರಲ್ಲೇ, ರದ್ದು ಮಾಡಿತು. ಅನಂತಶಯನಂ ಅಯ್ಯಂಗಾರ್ ಅವರ ಅಧ್ಯಕ್ಷತೆಯ ಸಮಿತಿ ಇಡೀ ದೇಶದ ಸ್ಥಿತಿಯನ್ನು ವಿಚಾರಿಸಿತು. 1952ರ ಆಗಸ್ಟ್ 31ರಂದು ದೇಶದಲ್ಲೆಲ್ಲ ಅಪರಾಧಿ ಬುಡಕಟ್ಟುಗಳ ಕಾಯಿದೆ ಸತ್ತಿತು. ಆ ಜನ ವಿಮುಕ್ತರಾದರು. ಮರುವರ್ಷ, 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿಯಿಂದ ರಾಯದುರ್ಗವನ್ನು ಬಿಡಿಸಿ ಅನಂತಪುರಕ್ಕೆ ಸೇರಿಸಿದರು. 2022ರಲ್ಲಿ ಮಡಕಶಿರ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಒಂದೇ ಬಳ್ಳಿಯ ಜನ ಗಡಿಯ ಈಚೆ ಎರುಕಲರೆಂದು ಪರಿಶಿಷ್ಟ ಪಂಗಡ, ಗಡಿಯಾಚೆ ಕೊರಚ, ಕೊರಮರೆಂದು ಪರಿಶಿಷ್ಟ ಜಾತಿ. ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು, ಪಟ್ಟಿ ಬದಲಾಯಿತು. ಅಣಿ ಉಳಿಯಿತು.

ಆ ಅಣಿ ಯಾವುದು? ಕುಲವನ್ನು ಹೆಸರಿಸದೆ ರೂಢಿಗತ ಅಪರಾಧಿಯನ್ನು ಹೆಸರಿಸುವ ಕಾಯಿದೆ ಮದ್ರಾಸಿನಲ್ಲಿ 1948ರಲ್ಲೇ ಬಂತು, ಆಂಧ್ರಪ್ರದೇಶದಲ್ಲಿ 1962ರಲ್ಲಿ ಹೊಸದಾಗಿ ಬಂತು. ಠಾಣೆಗಳಲ್ಲಿ ಕೆ.ಡಿ. ಪಟ್ಟಿ, ಹಿಸ್ಟರಿ ಶೀಟು, ರೌಡಿ ಶೀಟು ಉಳಿದವು. ಕೆ.ಡಿ. ಎಂದರೆ ಪೊಲೀಸರ ಇಂಗ್ಲಿಷಿನಲ್ಲಿ ‘ನೋನ್ ಡಿಪ್ರೆಡೇಟರ್’, ಗೊತ್ತಿರುವ ಕಳ್ಳ. ಕೇಡು ಮಾಡುವವನು ಎಂಬ ನಮ್ಮ ಕನ್ನಡದ ಕೇಡಿಗೂ ಆ ಎರಡು ಅಕ್ಷರಕ್ಕೂ ಕಿವಿಯಲ್ಲಿ ವ್ಯತ್ಯಾಸವೇ ಇಲ್ಲ. ಮಕ್ಕಳನ್ನು ಬೈಯುವಾಗಲೂ ನಾವು ಆ ಮಾತು ಬಳಸುತ್ತೇವೆ.

ಇದರಿಂದ ಏನಾಗಬಹುದು ಎಂಬುದಕ್ಕೆ ಮಹಾರಾಷ್ಟ್ರದ ಒಂದು ಮೊಕದ್ದಮೆ ಸಾಕು. 2003ರಲ್ಲಿ ಅಲ್ಲಿ ದರೋಡೆ, ಕೊಲೆ, ಅತ್ಯಾಚಾರ ನಡೆದವು. ಘೋರ ಕೃತ್ಯ, ಅದರಲ್ಲಿ ಎರಡು ಮಾತಿಲ್ಲ. ಅಲೆಮಾರಿ ಬುಡಕಟ್ಟಿನ ಆರು ಮಂದಿಯನ್ನು ಹಿಡಿದರು. 2009ರಲ್ಲಿ ಸುಪ್ರೀಂ ಕೋರ್ಟೇ ಆರೂ ಮಂದಿಗೆ ಮರಣದಂಡನೆ ಎಂದಿತು. ಹತ್ತು ವರ್ಷದ ಮೇಲೆ, 2019ರ ಮಾರ್ಚ್ 5ರಂದು, ಅದೇ ಕೋರ್ಟು ಮರುಪರಿಶೀಲಿಸಿ ಆರೂ ಮಂದಿ ನಿರಪರಾಧಿಗಳೆಂದು ಬಿಟ್ಟಿತು. ಬದುಕುಳಿದ ಹೆಂಗಸು ಪೊಲೀಸರ ಬಳಿಯ ಚಿತ್ರಗಳಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದಳು. ಆ ನಾಲ್ವರನ್ನು ತನಿಖೆ ಮಾಡಿಯೇ ಇರಲಿಲ್ಲ. ಒಬ್ಬೊಬ್ಬರಿಗೂ ಐದು ಲಕ್ಷ ರೂಪಾಯಿ ಕೊಡಿರೆಂದು ಕೋರ್ಟು ಆಜ್ಞೆ ಮಾಡಿತು. ಹದಿನಾರು ವರ್ಷ ಜೈಲು, ತಲೆಯ ಮೇಲೆ ನೇಣು. ಇತ್ತ ನೊಂದ ಮನೆಯವರಿಗೂ ನ್ಯಾಯ ಸಿಗಲಿಲ್ಲ. ಮಾಂಡವ್ಯನ ಕಥೆ ಪುರಾಣದಲ್ಲೇ ಮುಗಿಯಲಿಲ್ಲ.

2024ರಲ್ಲಿ ಎರಡು ತೀರ್ಪುಗಳು ಬಂದವು. ಹಿಂದುಳಿದ ಸಮುದಾಯದ ನಿರಪರಾಧಿಗಳ ಹೆಸರನ್ನು ಯಾಂತ್ರಿಕವಾಗಿ ಹಿಸ್ಟರಿ ಶೀಟಿಗೆ ಸೇರಿಸಕೂಡದೆಂದು ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿತು. ಜೈಲು ನಿಯಮಗಳಲ್ಲಿದ್ದ ಜಾತಿಭೇದವನ್ನು ಅಕ್ಟೋಬರ್ 3ರಂದು ರದ್ದು ಮಾಡುವಾಗ, ವಿಮುಕ್ತ ಬುಡಕಟ್ಟಿನವರನ್ನು ಮನಬಂದಂತೆ ದಸ್ತಗಿರಿ ಮಾಡದಂತೆ ಪೊಲೀಸರು ನೋಡಿಕೊಳ್ಳಬೇಕೆಂದಿತು. ಆ ವರ್ಷ ಜುಲೈ 1ರಿಂದ ಹಳೆಯ ಸಾಕ್ಷ್ಯ ಅಧಿನಿಯಮ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. 54ನೆಯ ಕಲಮು ಈಗ 49ನೆಯದು. ಮಾತು ಅದೇ. ಜಾಮೀನಿನ ಕಲಮೂ ಹೊಸ ಸಂಹಿತೆಯಲ್ಲಿ 129 ಎಂಬ ಅಂಕಿ ಹೊತ್ತು ಉಳಿದಿದೆ. ಈ ನಿಯಮವನ್ನು ಬೆಳೆಸಿದ ಇಂಗ್ಲೆಂಡೇ 2003ರ ಕಾಯಿದೆಯಲ್ಲಿ ಏಳು ದಾರಿಗಳನ್ನು ಗೊತ್ತುಮಾಡಿ ಆರೋಪಿಯ ದುರ್ನಡತೆಯ ಸಾಕ್ಷ್ಯವನ್ನು ಒಳಗೆ ಬಿಟ್ಟಿದೆ. ಹತ್ತು ಸಲ ಒಂದೇ ಬಗೆಯ ಕಳವು ಮಾಡಿದವನ ಚರಿತ್ರೆಯನ್ನು ಮುಚ್ಚಿಡುವುದು ಸರಿಯೇ ಎಂಬುದು ಅಲ್ಲಿಯವರ ಪ್ರಶ್ನೆ. ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ಆದರೆ ನಮ್ಮ ದೇಶದಲ್ಲಿ ಚರಿತ್ರೆ ಎಂಬುದು ಮನುಷ್ಯನದ್ದೋ ಅವನ ಕುಲದ್ದೋ ಎಂದು ಬೇರೆ ಮಾಡುವುದು ಎಷ್ಟು ಕಷ್ಟವೆಂದು ನಮಗೆ ಗೊತ್ತು. ಅದಕ್ಕೇ ಇಲ್ಲಿ ಆ ಅಗುಳಿ ಗಟ್ಟಿಯಾಗಿರಬೇಕು.

ಬಂಧುಗಳೇ, ನಾಳೆ ನಿಮ್ಮನ್ನು ರಾಯದುರ್ಗಕ್ಕೋ ಮಡಕಶಿರಕ್ಕೋ ಸಾಕ್ಷಿಯಾಗಿ ಕರೆಯಬಹುದು. ಪಂಚನಾಮೆಗೆ ರುಜು ಹಾಕೆನ್ನಬಹುದು. ಠಾಣೆಯವರು ಬಂದು ಅವನು ಎಂಥವನು ಎಂದು ಕೇಳಬಹುದು. ಕಂಡದ್ದನ್ನು ಕಂಡೆ ಎನ್ನಿ, ಅಂಜಬೇಡಿ. ಕಾಣದ್ದನ್ನು ಕಾಣೆ ಎನ್ನಿ. ಅವರ ಜನವೇ ಹಾಗೆ ಎಂಬ ಮಾತು ನಾಲಗೆಯ ತುದಿಗೆ ಬಂದರೆ ಅಲ್ಲೇ ತಡೆಯಿರಿ. ಆ ಮಾತಿನಿಂದ ಕಳೆದುಹೋದ ಮೋಟಾರು ಸಿಗುವುದಿಲ್ಲ. ಈಚಲ ಮರದ ಕೆಳಗೆ ಕುಳಿತವನ ತಂಬಿಗೆಯನ್ನು ಬಗ್ಗಿ ನೋಡಿ ಮಾತಾಡುವುದಕ್ಕೆ ಕಾನೂನು ಓದಿರಬೇಕಾಗಿಲ್ಲ.